ಇಲ್ಲಿ ಆಟ ಆಡಬಾರದು

ನಮ್ಮ ನಗರಗಳ ಉದ್ಯಾನಗಳ ಬಾಗಿಲಲ್ಲಿ ಒಂದು ಫಲಕ ಇರುತ್ತದೆ. ಹೂ ಕೀಳಬಾರದು, ಹುಲ್ಲು ತುಳಿಯಬಾರದು, ನಾಯಿ ತರಬಾರದು, ಚೆಂಡಾಟ ಆಡಬಾರದು. ಆ ಫಲಕ ದಾಟಿ ಒಳಗೆ ಹೋದರೆ ಬೆಳಿಗ್ಗೆ ಆರೂವರೆಗೆ ನಗೆಕೂಟದ ಸದಸ್ಯರು ಸುತ್ತ ನಿಂತು, ಎರಡೂ ಕೈ ಆಕಾಶಕ್ಕೆತ್ತಿ, ಯಾವ ಹಾಸ್ಯದ ಹಂಗೂ ಇಲ್ಲದೆ ಹೋ ಹೋ ಎಂದು ನಗುತ್ತಿರುತ್ತಾರೆ. ನಗು ಬಿಪಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರಂತೆ. ಸಂಜೆ ಅದೇ ಜಾಗಕ್ಕೆ ನಾಲ್ಕು ಹುಡುಗರು ರಬ್ಬರ್ ಚೆಂಡು ಹಿಡಿದು ಬಂದು ನಿಜವಾಗಿ ನಕ್ಕರೆ ವಾಚ್‌ಮನ್ ಸೀಟಿ ಊದುತ್ತಾನೆ. ಕಾರಣವಿಲ್ಲದೆ ನಗುವವರಿಗೆ ಸಿಮೆಂಟ್ ಬೆಂಚು, ಕಾರಣವಿದ್ದು ನಗುವವರಿಗೆ ಗೇಟು. ನಮ್ಮ ಕಾಲದ ಸಂಸ್ಕೃತಿಯ ಬಗ್ಗೆ ಸಂಶೋಧನೆ ಮಾಡುವವರು ಇದಕ್ಕಿಂತ ದೂರ ಹೋಗಬೇಕಾಗಿಲ್ಲ.

ಯೊಹಾನ್ ಹಾಯ್ಜಿಂಗಾ ಎಂಬ ಡಚ್ ಇತಿಹಾಸಕಾರ 1938ರಲ್ಲಿ ‘ಹೋಮೋ ಲೂಡೆನ್ಸ್’ ಎಂಬ ಪುಸ್ತಕ ಬರೆದ. ಮನುಷ್ಯ ಯೋಚಿಸುವ ಪ್ರಾಣಿ, ಉಪಕರಣ ಮಾಡುವ ಪ್ರಾಣಿ ಎಂದು ನಮ್ಮನ್ನು ನಾವೇ ಹೊಗಳಿಕೊಂಡಿದ್ದ ಪಟ್ಟಿಗೆ ‘ಆಡುವ ಪ್ರಾಣಿ’ ಎಂಬುದನ್ನೂ ಸೇರಿಸಿದ. ನಾಗರಿಕತೆಯೆಲ್ಲ ಕಟ್ಟಿ ಮುಗಿದ ಮೇಲೆ ಬಿಡುವಿನ ವೇಳೆಯಲ್ಲಿ ಹುಟ್ಟಿದ್ದು ಆಟ ಎಂದು ನಾವು ತಿಳಿದಿದ್ದರೆ, ಅವನು ಅದನ್ನು ತಲೆಕೆಳಗು ಮಾಡಿದ. ನಾಯಿಮರಿಗಳು ಮನುಷ್ಯನ ಅಪ್ಪಣೆಗೆ ಕಾಯದೆ ಆಡುತ್ತಿದ್ದವು. ಆಟ ಮೊದಲು, ಸಂಸ್ಕೃತಿ ಆಮೇಲೆ. ನ್ಯಾಯಾಲಯದ ವಾದ ಪ್ರತಿವಾದ, ಕಾವ್ಯದ ಪ್ರಾಸ, ಪೂಜೆಯ ವಿಧಿ, ತತ್ತ್ವಜ್ಞಾನಿಗಳ ಒಗಟು, ಯುದ್ಧದ ಕಟ್ಟುಪಾಡು ಎಲ್ಲವೂ ಆಟದ ಅಂಗಳದಲ್ಲೇ ಅಂಬೆಗಾಲಿಟ್ಟವು ಎಂಬುದು ಅವನ ವಾದ. ಆಟಕ್ಕೆ ಅವನು ಕೆಲವು ಲಕ್ಷಣಗಳನ್ನೂ ಹೇಳಿದ: ಅದು ಸ್ವಂತ ಇಷ್ಟದಿಂದ ಆಡುವಂಥದ್ದು, ಅದರಿಂದ ಲಾಭವಿಲ್ಲ, ಅದಕ್ಕೆ ಅದರದೇ ಜಾಗ, ಅದರದೇ ಹೊತ್ತು, ಅದು ದಿನನಿತ್ಯದ ಬದುಕಲ್ಲ ಎಂಬ ಅರಿವು ಆಡುವವನಿಗೆ ಇರುತ್ತದೆ, ನಿಯಮಕ್ಕೆ ಎಲ್ಲರೂ ತಲೆಬಾಗುತ್ತಾರೆ.

ಪಾಪ, ಲೈಡನ್ ವಿಶ್ವವಿದ್ಯಾಲಯದ ಮೇಷ್ಟ್ರು. ನಮ್ಮ ಕಡೆ ಬಂದಿರಲಿಲ್ಲ. ಅವನ ಲಕ್ಷಣಗಳನ್ನೆಲ್ಲ ಒಂದೊಂದಾಗಿ ತಿದ್ದಿ ನಾವೀಗ ಪರಿಷ್ಕೃತ ಆವೃತ್ತಿ ಹೊರತಂದಿದ್ದೇವೆ.

ಮೊದಲು ‘ಸ್ವಂತ ಇಷ್ಟ’. ಶಾಲೆಯ ವೇಳಾಪಟ್ಟಿಯಲ್ಲಿ ಪಿ.ಟಿ. ಪೀರಿಯಡ್ ಎಂಬುದು ಈಗಲೂ ಇದೆ. ಆ ಹೊತ್ತಿಗೆ ಸರಿಯಾಗಿ ಗಣಿತದ ಮೇಷ್ಟ್ರು ಒಳಗೆ ಬಂದು ‘ಪೋರ್ಷನ್ ಮುಗಿದಿಲ್ಲ’ ಎನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದು ಬರೆದಿದೆ. ಕಾಯ್ದೆ ಕೇಳಿದ್ದು ಮೈದಾನವನ್ನು. ಅಲ್ಲಿ ಮಕ್ಕಳು ಇರಬೇಕೆಂದು ಯಾರೂ ಬಿಡಿಸಿ ಹೇಳಲಿಲ್ಲವಾದ್ದರಿಂದ ಎಷ್ಟೋ ಕಡೆ ಶಾಲೆಯ ಬಸ್ಸುಗಳು ಅಲ್ಲಿ ಸುಖವಾಗಿ ನಿಂತಿವೆ. ಏಪ್ರಿಲ್ ಬಂದರೆ ಬೇಸಿಗೆ ಶಿಬಿರ. ಅಲ್ಲಿ ಹತ್ತಕ್ಕೆ ಮಣ್ಣಿನ ಬೊಂಬೆ, ಹನ್ನೊಂದಕ್ಕೆ ಕರಾಟೆ, ಹನ್ನೆರಡಕ್ಕೆ ‘ಮುಕ್ತ ಆಟ’. ಮುಕ್ತ ಆಟಕ್ಕೆ ಒಬ್ಬ ತರಬೇತುದಾರ, ಕೊನೆಯಲ್ಲಿ ಪ್ರಮಾಣಪತ್ರ.

ದೊಡ್ಡವರಿಗೂ ನಾವು ಅನ್ಯಾಯ ಮಾಡಿಲ್ಲ. ವರ್ಷಕ್ಕೊಮ್ಮೆ ಕಂಪನಿಯ ಔಟಿಂಗ್ ಇರುತ್ತದೆ. ‘ಬನ್ನಿ, ಮಜಾ ಮಾಡೋಣ, ಹಾಜರಾತಿ ಕಡ್ಡಾಯ’ ಎಂದು ಮೇಲ್ ಬರುತ್ತದೆ. ನಲವತ್ತು ದಾಟಿದ ಸಂಸಾರಸ್ಥರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಾರೆ. ಹಗ್ಗಜಗ್ಗಾಟದಲ್ಲಿ ಮ್ಯಾನೇಜರ್ ಇರುವ ಕಡೆಯೇ ಗೆಲ್ಲುತ್ತದೆ. ಅದು ಭೌತಶಾಸ್ತ್ರದ ನಿಯಮವಲ್ಲ, ಅಪ್ರೈಸಲ್ಲಿನ ನಿಯಮ.

ಎರಡನೆಯದು ಲಾಭ. ಲಾಭವಿಲ್ಲದ್ದನ್ನು ಮನುಷ್ಯ ಮಾಡುತ್ತಾನೆಂದು ಒಪ್ಪುವುದೇ ನಮಗೆ ಅವಮಾನ. ಚೆಸ್ ಯಾಕೆ? ಗಣಿತ ಸುಧಾರಿಸುತ್ತದೆ. ಅಳಿಗುಳಿಮಣೆ ಯಾಕೆ? ಬೆರಳುಗಳ ಚುರುಕು ಹೆಚ್ಚುತ್ತದೆ. ಚೌಕಾಬಾರ ಯಾಕೆ? ಅದು ಪರಂಪರೆ, ವಾರಾಂತ್ಯದ ಕಾರ್ಯಾಗಾರವಿದೆ, ತಲೆಗಿಷ್ಟು ಶುಲ್ಕ, ಮಜ್ಜಿಗೆ ಉಚಿತ. ಸೋಲುವ ಹೊತ್ತಿಗೆ ಕವಡೆಯನ್ನು ಮೆಲ್ಲಗೆ ಮಗುಚಿಹಾಕಿ ಗೆದ್ದೆನೆಂದು ಬೊಚ್ಚುಬಾಯಿ ಬಿಡುತ್ತಿದ್ದ ಅಜ್ಜಿಗೆ ತಾನು ಯಾವ ಕೌಶಲವನ್ನು ಬೆಳೆಸುತ್ತಿದ್ದೇನೆಂಬುದು ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಅವಳೂ ಫೀಸು ಕೇಳುತ್ತಿದ್ದಳು.

ಚನ್ನಪಟ್ಟಣದ ಗೊಂಬೆಯ ಕತೆ ನೋಡಿ. ಹಾಲೆಮರವನ್ನು ತಿರುಗುಯಂತ್ರಕ್ಕೆ ಕೊಟ್ಟು, ಅರಗಿನಲ್ಲಿ ಬಣ್ಣ ಹಾಕಿ, ಮಗು ಬಾಯಿಗಿಟ್ಟರೂ ಬಾಧೆಯಾಗದಂತೆ ಕುಶಲಕರ್ಮಿ ಅದನ್ನು ನುಣುಪು ಮಾಡುತ್ತಾನೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನಾವು ಅದನ್ನು ತಂದು ನಡುಮನೆಯ ಗಾಜಿನ ಕಪಾಟಿನಲ್ಲಿ ಕೂರಿಸಿ, ಮಗು ಕೈ ಚಾಚಿದರೆ ‘ಮುಟ್ಬೇಡ, ಹಾಳಾಗತ್ತೆ’ ಎಂದು ಕೂಗುತ್ತೇವೆ. ಕಚ್ಚಲೆಂದು ಮಾಡಿದ ಗೊಂಬೆಗೆ ಕಪಾಟು. ಮಗುವಿನ ಬಾಯಿ ಮುಚ್ಚಲು ಮೊಬೈಲು.

ಲಾಭವಿಲ್ಲದ ಆಟದ ಮಾತು ಎತ್ತಿದರೆ ನಮ್ಮ ವೇದಾಂತಿಗಳನ್ನೂ ವಿಚಾರಣೆಗೆ ಕರೆಯಬೇಕಾಗುತ್ತದೆ. ದೇವರು ಈ ಜಗತ್ತನ್ನು ಯಾಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರ ಕೊಡುವ ಉತ್ತರ ಲೀಲೆ ಎಂದು. ಶಂಕರಾಚಾರ್ಯರು ಅದನ್ನು ವಿವರಿಸುತ್ತ, ಬೇಕಾದ್ದೆಲ್ಲ ಇರುವ ರಾಜ ಯಾವ ಪ್ರಯೋಜನವನ್ನೂ ಬಯಸದೆ ವಿಹರಿಸುವ ಉದಾಹರಣೆ ಕೊಟ್ಟರು. ಎಲ್ಲೋರಾದ ಗುಹೆಗಳಲ್ಲಿ ಶಿವ ಪಾರ್ವತಿಯರು ಪಗಡೆಯ ಮುಂದೆ ಕೂತಿದ್ದಾರೆ. ಉದ್ದೇಶವೇ ಇಲ್ಲದೆ ಇಷ್ಟು ದೊಡ್ಡ ಯೋಜನೆಯನ್ನು ಕೈಗೆತ್ತಿಕೊಂಡವನನ್ನು ಇವತ್ತಿನ ಎಚ್.ಆರ್. ವಿಭಾಗ ಸುಮ್ಮನೆ ಬಿಡುತ್ತಿರಲಿಲ್ಲ. ಈ ತ್ರೈಮಾಸಿಕದ ಗುರಿ ಏನಿತ್ತು, ಎಷ್ಟು ತಲುಪಿದ್ದೀರಿ, ಪ್ರಳಯಕ್ಕೆ ಯಾರ ಅನುಮೋದನೆ ಇದೆ ಎಂದು ಕೇಳುತ್ತಿತ್ತು.

ಇದರ ಇನ್ನೊಂದು ಮಗ್ಗುಲು ಇನ್ನೂ ಸೊಗಸು. ಆಟವನ್ನು ಕೆಲಸವಾಗಿಸಿದ ನಾವು ಕೆಲಸಕ್ಕೆ ಆಟದ ವೇಷ ತೊಡಿಸಿದ್ದೇವೆ. ಮಳೆಯಲ್ಲಿ ಬೈಕ್ ಓಡಿಸುವ ಡೆಲಿವರಿ ಹುಡುಗನ ಫೋನಿನಲ್ಲಿ ‘ಇನ್ನು ಎರಡೇ ಆರ್ಡರ್, ಬೋನಸ್ ನಿಮ್ಮದು’ ಎಂದು ಬಣ್ಣದ ಪಟ್ಟಿ ಮಿನುಗುತ್ತದೆ. ನಕ್ಷತ್ರ, ಪದಕ, ಅಂಕ ಎಲ್ಲ ಇವೆ. ಇಲ್ಲದ್ದು ಒಂದೇ: ‘ಇವತ್ತು ನಾನು ಆಡಲ್ಲ’ ಎನ್ನುವ ಸ್ವಾತಂತ್ರ್ಯ.

ಮೂರನೆಯದು ಗಡಿ. ಮಂಡ್ಯ, ಮೈಸೂರಿನ ಕಡೆ ಯುಗಾದಿ ಬಂದರೆ ಅರಳಿಕಟ್ಟೆಯ ಮೇಲೆ ಇಸ್ಪೀಟು ಶುರುವಾಗುತ್ತಿತ್ತು, ಈಗಲೂ ಆಗುತ್ತದೆ. ಅದೇನು ಪುಣ್ಯಕಾರ್ಯವಲ್ಲ, ಎಷ್ಟೋ ಮನೆಗಳ ಒಡವೆ ಅದರಲ್ಲಿ ಕರಗಿದೆ. ಆದರೂ ಒಂದು ಮರ್ಯಾದೆ ಇತ್ತು. ವರ್ಷತೊಡಕು ಕಳೆದ ಮೇಲೆ ಚಾಪೆ ಸುತ್ತುತ್ತಿದ್ದರು. ಸೋತವನ ಮುಖ ಗೆದ್ದವನಿಗೆ ಕಾಣುತ್ತಿತ್ತು. ಮೊಬೈಲಿನ ಜೂಜಿಗೆ ಹಬ್ಬವೂ ಇಲ್ಲ, ಚಾಪೆಯೂ ಇಲ್ಲ. ಗೆದ್ದವನು ಯಾರೆಂದು ಸೋತವನಿಗೆ ಗೊತ್ತಾಗುವುದೇ ಇಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯ ಬೆಕ್ಕು ಕನಿಷ್ಠ ಇಲಿಯ ಎದುರಿಗೆ ನಿಲ್ಲುತ್ತಿತ್ತು. ಈಗಿನ ಬೆಕ್ಕಿಗೆ ಷೇರುದಾರರಿದ್ದಾರೆ.

ಯಾವುದು ಆಟ, ಯಾವುದು ಜೂಜು ಎಂಬ ಪ್ರಶ್ನೆ ನಮ್ಮಲ್ಲಿ ತತ್ತ್ವಶಾಸ್ತ್ರ ವಿಭಾಗಗಳಿಗೆ ಬೇಡವಾದರೂ ವಕೀಲರಿಗೆ ಬಹಳ ಪ್ರಿಯವಾಯಿತು. ಕೌಶಲ ಪ್ರಧಾನವಾದ ಸ್ಪರ್ಧೆ ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು. 1968ರಲ್ಲಿ ರಮ್ಮಿಗೆ ಆ ಗೌರವ ಸಿಕ್ಕಿತು, 1996ರಲ್ಲಿ ಕುದುರೆ ಪಂದ್ಯಕ್ಕೆ. ಕೌಶಲ ಕುದುರೆಯದೋ ಬಾಜಿ ಕಟ್ಟಿದವನದೋ ಎಂದು ಕೇಳುವುದು ಅಧಿಕಪ್ರಸಂಗ. ಕರ್ನಾಟಕ 2021ರಲ್ಲಿ ಆನ್‌ಲೈನ್ ಜೂಜನ್ನು ತಡೆಯಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ಬಂದ್ ಎಂದಿತು. ಆಗ ಭಾರತ ಕ್ರಿಕೆಟ್ ತಂಡದ ಎದೆಯ ಮೇಲಿದ್ದುದು ಅಂಥದೇ ಒಂದು ಕಂಪನಿಯ ಹೆಸರು. ಅದು ಸದ್ದಿಲ್ಲದೆ ಕೆಳಗಿಳಿಯಿತು. ಆಟದ ಕುರಿತ ಈ ಮಸೂದೆ ಲೋಕಸಭೆಯಲ್ಲಿ ಪಾಸಾದದ್ದು ಗದ್ದಲದ ನಡುವೆ, ವಿವರವಾದ ಚರ್ಚೆಯಿಲ್ಲದೆ. ಗೋಲಿ ಆಡುವ ಹುಡುಗರು ಕೂಡ ನಿಯಮ ಬದಲಿಸುವ ಮೊದಲು ಇದಕ್ಕಿಂತ ಹೆಚ್ಚು ಹೊತ್ತು ಚರ್ಚೆ ಮಾಡುತ್ತಾರೆ.

ನಾಲ್ಕನೆಯದು ವೇಷ. ಕರಾವಳಿಯಲ್ಲಿ ಹರಕೆ ಹೊತ್ತವರು ದೇವಿಗೆ ಯಕ್ಷಗಾನದ ಆಟ ಆಡಿಸುತ್ತಾರೆ. ಕಟೀಲು, ಮಂದಾರ್ತಿ ಮೇಳಗಳ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ನಾಲ್ಕು ಕಂಬ ನೆಟ್ಟು ರಂಗಸ್ಥಳ ಮಾಡಿದರೆ ಅದರ ಆಚೆ ಗದ್ದೆ, ಈಚೆ ದೇವಲೋಕ. ಸಂಜೆ ಚೌಕಿಯಲ್ಲಿ ಕೂತು ಚಹಾ ಕುಡಿಯುತ್ತ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿದ್ದವನನ್ನು ನೋಡಿ ಬಂದ ಹುಡುಗನೇ, ರಾತ್ರಿ ಅವನು ಮಹಿಷಾಸುರನಾಗಿ ದೊಂದಿಯ ಬೆಂಕಿಯಲ್ಲಿ ಸಭೆಯ ನಡುವೆ ನುಗ್ಗಿದಾಗ ಅಮ್ಮನ ಸೆರಗಿನಡಿ ಹುದುಗುತ್ತಾನೆ. ಇದು ಸುಳ್ಳೆಂದೂ ಗೊತ್ತು, ನಿಜವೆಂದೂ ಗೊತ್ತು. ಈ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳುವ ಶಕ್ತಿಗೇ ಕಲ್ಪನೆ ಎನ್ನುವುದು. ದೇವರು, ಕಾವ್ಯ, ನ್ಯಾಯ, ಕೊನೆಗೆ ಕೈಯಲ್ಲಿರುವ ನೋಟು ಕೂಡ ನಿಂತಿರುವುದು ಇದೇ ಶಕ್ತಿಯ ಮೇಲೆ. ಬೆಳಗಾದರೆ ಮಹಿಷಾಸುರ ಎಣ್ಣೆ ಹಚ್ಚಿ ಬಣ್ಣ ತೆಗೆದು ಬಸ್ಸು ಹತ್ತುತ್ತಾನೆ.

ಫ್ರಾನ್ಸಿನ ರೋಜೆ ಕಯ್ವಾ 1958ರಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣೆ, ತಲೆಸುತ್ತು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ. ಅನುಕರಣೆ ಕೆಡುವುದು ವೇಷಧಾರಿ ತಾನು ವೇಷದಲ್ಲಿದ್ದೇನೆಂಬುದನ್ನು ಮರೆತಾಗ ಎಂದ. ನಮ್ಮ ಟಿ.ವಿ. ಸ್ಟುಡಿಯೋಗಳಿಗೆ, ಚುನಾವಣೆಯ ರೋಡ್ ಶೋಗಳಿಗೆ ಚೌಕಿಯೇ ಇಲ್ಲ. ರಾತ್ರಿ ಒಂಬತ್ತಕ್ಕೆ ಕಣ್ಣು ಕೆಂಪು ಮಾಡಿ ಆರ್ಭಟಿಸಿದವನು ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ ಬಣ್ಣದಲ್ಲಿರುತ್ತಾನೆ. ರಾಮನ ವೇಷ, ರೈತನ ವೇಷ, ಮಣ್ಣಿನ ಮಗನ ವೇಷ ತೊಟ್ಟವರು ಆಟ ಮುಗಿದರೂ ಕಿರೀಟ ಬಿಚ್ಚುವುದಿಲ್ಲ. ಬಿಚ್ಚಿದರೆ ಒಳಗೆ ಯಾರಿದ್ದಾರೆಂದು ಅವರಿಗೇ ಭಯ.

ಐದನೆಯದು ನಿಯಮ. ಇಲ್ಲಿ ಹಾಯ್ಜಿಂಗಾ ಒಂದು ಸೂಕ್ಷ್ಮ ಹೇಳುತ್ತಾನೆ. ಆಟದಲ್ಲಿ ಮೋಸ ಮಾಡುವವನಿಗಿಂತ ಆಟವನ್ನೇ ಕೆಡಿಸುವವನು ದೊಡ್ಡ ಅಪರಾಧಿ. ಮೋಸಗಾರ ಕದ್ದು ನಿಯಮ ಮುರಿಯುತ್ತಾನೆ. ಕದಿಯುವುದರಲ್ಲೇ ನಿಯಮಕ್ಕೆ ಮರ್ಯಾದೆ ಇದೆ. ಕೆಡಿಸುವವನು ಆ ಪ್ರಪಂಚವನ್ನೇ ಒಡೆಯುತ್ತಾನೆ. ಗಲ್ಲಿ ಕ್ರಿಕೆಟ್ ಆಡಿದವರಿಗೆ ಈ ಭೇದ ಚೆನ್ನಾಗಿ ಗೊತ್ತು. ರನ್ ಜಾಸ್ತಿ ಎಣಿಸುವವನ ಜೊತೆ ಜಗಳಾಡಿ ಆಟ ಮುಂದುವರಿಸಬಹುದು. ಔಟ್ ಕೊಟ್ಟ ಕೂಡಲೇ ‘ಬ್ಯಾಟು ನಂದು’ ಎಂದು ಎತ್ತಿಕೊಂಡು ಮನೆಗೆ ಹೋಗುವವನನ್ನು ಏನು ಮಾಡುತ್ತೀರಿ?

ನಾವು ಅವನಿಗೆ ಟಿಕೆಟ್ ಕೊಡುತ್ತೇವೆ. 2019ರ ಜುಲೈಯಲ್ಲಿ ನಮ್ಮ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು. 23ರಂದು ಸರ್ಕಾರ ಬಿತ್ತು. 17 ಮಂದಿಯನ್ನು ಸ್ಪೀಕರ್ ಅನರ್ಹಗೊಳಿಸಿದರು. ಅಂಪೈರು ಕೈ ಎತ್ತಿದ ಆ ಔಟಿಗೆ ಏನು ಬೆಲೆ ಬಂತೆಂದರೆ, ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರನ್ನು ನಾವೇ ಗೆಲ್ಲಿಸಿದೆವು, ಗೆದ್ದವರಲ್ಲಿ ಹೆಚ್ಚಿನವರು ಮಂತ್ರಿಗಳಾದರು. ಈ ಆಟದಲ್ಲಿ ಮತದಾರನ ಪಾತ್ರವೇನು ಎಂದು ಕೇಳಿದರೆ ಕನ್ನಡದಲ್ಲಿ ಸಿದ್ಧ ಉತ್ತರವಿದೆ: ಆಟಕ್ಕುಂಟು ಲೆಕ್ಕಕ್ಕಿಲ್ಲ. ಚಿಕ್ಕ ಮಗುವಿಗೆ ಬೇಜಾರಾಗದಿರಲೆಂದು ದೊಡ್ಡ ಮಕ್ಕಳು ಮಾಡಿದ ಕರುಣೆಯ ನಿಯಮ ಅದು. ಪ್ರಜಾಪ್ರಭುತ್ವ ಅದನ್ನು ಶಾಶ್ವತಗೊಳಿಸಿತು.

ನಿಯಮದ ಪ್ರಶ್ನೆ ಎತ್ತಿದವರಿಗೆ ಏನಾಗುತ್ತದೆಂಬುದನ್ನು ಮಹಾಭಾರತ ಮೊದಲೇ ತೋರಿಸಿದೆ. ಪಗಡೆಯ ಸಭೆಯಲ್ಲಿ ದ್ರೌಪದಿ ಕಣ್ಣೀರಿಡುವ ಮೊದಲು ನಿಯಮದ ಪ್ರಶ್ನೆ ಕೇಳಿದಳು: ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು? ಆ ಸಭೆಯಲ್ಲಿ ಮೋಸಗಾರ ಶಕುನಿಯಿದ್ದ, ಚಟಗಾರ ಧರ್ಮರಾಯನಿದ್ದ. ಎಲ್ಲರಿಗಿಂತ ಹೆಚ್ಚು ಆಟ ಕೆಡಿಸಿದವರು ಧರ್ಮ ಸೂಕ್ಷ್ಮ ಎಂದು ಹೇಳಿ ತಲೆತಗ್ಗಿಸಿದ ಅಂಪೈರುಗಳು.

ಇನ್ನು ಅಧಿಕಾರಸ್ಥರ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡರು. ಅರಮನೆ ಉಳಿಯಿತು, ಅಧಿಕಾರ ಹೋಯಿತು. ಅವರು ಆಟಗಳ ಕಡೆ ತಿರುಗಿದರು. 36ರಿಂದ 360 ಎಲೆಗಳವರೆಗಿನ ಗಂಜೀಫಾ ಆಟಗಳನ್ನು ರೂಪಿಸಿದರು, ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಯನ್ನು ಬಿಡಿಸಿದರು, ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳನ್ನು ವಿವರಿಸಿದರು. ರಾಜ್ಯವಿಲ್ಲದ ರಾಜ ಮಣೆಯ ಮೇಲೆ ಯಾರೂ ಕಸಿಯಲಾಗದ ರಾಜ್ಯ ಕಟ್ಟಿಕೊಂಡ. ಅವರು ಅಧಿಕಾರ ಹೋದ ಮೇಲೆ ಆಡಿದರು. ಈಗಿನವರು ಅಧಿಕಾರ ಇರುವಾಗಲೇ ಆಡುತ್ತಾರೆ. 2025ರ ಜುಲೈಯಲ್ಲಿ ಮಹಾರಾಷ್ಟ್ರದ ಕೃಷಿ ಸಚಿವರು ವಿಧಾನ ಪರಿಷತ್ತಿನೊಳಗೆ ಕೂತಿದ್ದಾಗ ಅವರ ಮೊಬೈಲಿನಲ್ಲಿ ರಮ್ಮಿ ಕಾಣುವ ವಿಡಿಯೊ ಹರಿದಾಡಿತು. ಅದು ಜಾಹೀರಾತು, ಮುಚ್ಚಲು ಹೋಗಿದ್ದೆ ಎಂದು ಅವರು ವಿವರಿಸಿದರು. ಕೆಲವೇ ದಿನಗಳಲ್ಲಿ ಅವರ ಖಾತೆ ಬದಲಾಯಿತು. ಕೊಟ್ಟದ್ದು ಕ್ರೀಡಾ ಖಾತೆ. ವ್ಯಂಗ್ಯ ಬರೆಯುವವರ ಹೊಟ್ಟೆಯ ಮೇಲೆ ಸರ್ಕಾರಗಳು ಹೀಗೆ ಹೊಡೆಯಬಾರದು.

ನಗು ಇಲ್ಲಿಗೆ ನಿಲ್ಲಬೇಕು. 2025ರ ಜೂನ್ 3ರಂದು ಆರ್‌ಸಿಬಿ ಐಪಿಎಲ್‌ನ ಹದಿನೆಂಟನೇ ಸೀಸನ್ನಿನಲ್ಲಿ ಮೊದಲ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅವರು ಸತ್ತದ್ದು ಆಟದಲ್ಲಿ ಅಲ್ಲ. ಆಟ ಹಿಂದಿನ ದಿನವೇ ಅಹಮದಾಬಾದಿನಲ್ಲಿ ಮುಗಿದಿತ್ತು. ಇದು ಅದರ ಫೋಟೊಗಾಗಿ ನಡೆದ ಪೈಪೋಟಿ. ಹೊರಗೆ ಜನ ಬಿದ್ದಿದ್ದಾಗಲೂ ಒಳಗೆ ಸಂಭ್ರಮ ನಡೆಯಿತು. ಆಟದ ಗಡಿ ಆಡುವವರನ್ನು ಕಾಪಾಡಲು ಹುಟ್ಟಿದ್ದು. ನಾವು ಅದನ್ನು ಗಣ್ಯರ ಪಾಸು ಇರುವವರನ್ನು ಕಾಪಾಡಲು ಬಳಸಿದೆವು.

ಹಾಯ್ಜಿಂಗಾ ಆಟವನ್ನು ಹೊಗಳಿದವನು, ಬಾಲಿಶತನವನ್ನು ದ್ವೇಷಿಸಿದವನು. ಘೋಷಣೆ ಕೂಗುವುದು, ಬಾವುಟ ಬೀಸಿ ಮೆರವಣಿಗೆ ಹೋಗುವುದು, ಎದುರಾಳಿಯ ಮೇಲೆ ಸದಾ ಸಂಶಯ, ಹಾಸ್ಯಪ್ರಜ್ಞೆಯ ಅಭಾವ ಇವುಗಳನ್ನು ಅವನು ಆಟವೆಂದು ಒಪ್ಪಲಿಲ್ಲ. ಬೆಳೆಯದ ಮನಸ್ಸಿನ ಗದ್ದಲ ಎಂದ. ಬರೀ ಬಾಯಿಮಾತಲ್ಲ. 1933ರಲ್ಲಿ ಲೈಡನ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದಾಗ, ಯಹೂದಿದ್ವೇಷದ ಕರಪತ್ರ ಬರೆದಿದ್ದ ನಾಝಿ ಪ್ರತಿನಿಧಿಯನ್ನು ಆವರಣದಿಂದ ಹೊರಗೆ ಕಳಿಸಿದ. 1942ರಲ್ಲಿ ನಾಝಿಗಳು ಅವನನ್ನು ಒತ್ತೆಯಾಳಾಗಿ ಬಂಧಿಸಿದರು. ಬಿಟ್ಟ ಮೇಲೂ ಲೈಡನ್ನಿಗೆ ಮರಳಲು ಬಿಡಲಿಲ್ಲ. ದೇಶ ಬಿಡುಗಡೆಯಾಗಲು ಮೂರು ತಿಂಗಳಿರುವಾಗ, 1945ರ ಫೆಬ್ರವರಿ 1ರಂದು ತೀರಿಕೊಂಡ. ಆಟದ ನಿಯಮ ಬಲ್ಲವನಿಗೆ ಎಲ್ಲಿ ಆಡಬಾರದೆಂಬುದೂ ಗೊತ್ತಿತ್ತು.

ನಮ್ಮ ಪರಿಷ್ಕೃತ ಆವೃತ್ತಿಯ ಸಾರಾಂಶ ಇಷ್ಟು: ಮಕ್ಕಳಿಗೆ ಆಟ ಬೇಡವೆಂದ ಊರಿನಲ್ಲಿ ದೊಡ್ಡವರು ಮಕ್ಕಳಾಟ ಆಡುತ್ತಾರೆ. ಲಗೋರಿಯ ಏಳು ಕಲ್ಲು ಜೋಡಿಸುವಾಗ, ಚಿನ್ನಿದಾಂಡಿನ ಅಳತೆಗೆ ಅರ್ಧ ಗಂಟೆ ಜಗಳಾಡುವಾಗ, ಮಗು ಸಂವಿಧಾನ ಬರೆಯುವುದನ್ನು ಕಲಿಯುತ್ತಿರುತ್ತದೆ. ನಿಯಮ ನಾವೇ ಮಾಡಿದ್ದು, ಆದರೂ ನಮಗಿಂತ ದೊಡ್ಡದು ಎಂಬ ಪಾಠ ಯಾವ ಪೌರನೀತಿಯ ಪುಸ್ತಕದಿಂದಲೂ ಹತ್ತುವುದಿಲ್ಲ. ಸೋಲಬಹುದು, ನಾಳೆ ಮತ್ತೆ ಬರಬಹುದು ಎಂಬುದೂ ಅಷ್ಟೇ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬೀದಿಯ ಹುಡುಗರು ಇವತ್ತು ಸಂಜೆ ಚೆಂಡು ಹಿಡಿದು ಬಂದರೆ ಕಾರು ಪಕ್ಕಕ್ಕೆ ತೆಗೆಯಿರಿ. ಅದರಿಂದ ಏನು ಉಪಯೋಗ ಎಂದು ಕೇಳಬೇಡಿ, ಫೋಟೊ ತೆಗೆಯಬೇಡಿ, ತರಬೇತುದಾರನನ್ನು ನೇಮಿಸಬೇಡಿ. ಕಿಟಕಿಯ ಗಾಜು ಒಡೆದೀತು. ಗಾಜಿಗೆ ಕೆಲವು ನೂರು ರೂಪಾಯಿ. ಔಟಾದಾಗ ಬ್ಯಾಟು ಕೆಳಗಿಡುವುದನ್ನು ಎಂಟನೇ ವಯಸ್ಸಿನಲ್ಲಿ ಕಲಿಯದವನು ಐವತ್ತರಲ್ಲಿ ಶಾಸಕನಾಗಿ ಬಂದರೆ ತಗಲುವ ಖರ್ಚು ಅದಕ್ಕಿಂತ ಬಹಳ ಹೆಚ್ಚು. ಅದನ್ನು ನಾವು ಈಗಾಗಲೇ ಕಟ್ಟುತ್ತಿದ್ದೇವೆ.